ಕಿರ್ ಅಂದ ಕಡೆಗೆಲ್ಲಾ ಎಣ್ಣೆ ಬಿಡೋದು ನಿಲ್ಲಿಸಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರ ನಿಮ್ಮ ಪೇಪರಲ್ಲಿ ಕಾರ್ ಮೇಂಟೆನೆನ್ಸ್ ಬಗ್ಗೆ ಅರ್ಧ ಪುಟ ಬಂದಿತ್ತು. ಟೈರ್ ಗಾಳಿ, ಕೂಲಂಟ್, ಬ್ಯಾಟರಿ ಎಲ್ಲಾ ಚೆನ್ನಾಗೇ ಬರೆದಿದ್ರು, ಆದ್ರೆ ಕೊನೇಲಿ ಬಾಗಿಲು ಕಿಟಕಿ ಸದ್ದು ಮಾಡಿದ್ರೆ ಒಂಚೂರು ಎಣ್ಣೆನೋ ಗ್ರೀಸೋ ಹಚ್ಚಿ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ರು. ಆ ಒಂದು ಸಾಲಿಗೋಸ್ಕರಾನೇ ಈ ಪತ್ರ ಬರೀತಿದೀನಿ. ನಾನು ಹೊಸಪೇಟೇಲಿ ಟ್ಯಾಕ್ಸಿ ಓಡಿಸೋನು, ಹಂಪಿ ನೋಡೋಕೆ ಬರೋ ಜನನ್ನ ಕರ್ಕೊಂಡು ಹೋಗೋದು, ಸಂಡೂರು ತೋರಣಗಲ್ಲು ಕಡೆ ಬಾಡಿಗೆ ಹೋಗೋದು, ಇದೇ ನನ್ನ ಕೆಲಸ. ಸಂಡೂರು ರೋಡಲ್ಲಿ ಒಂದು ಸಲ ಹೋಗಿ ಬಂದೋರಿಗೆ ಗೊತ್ತಿರುತ್ತೆ, ಅದಿರು ಲಾರಿ ಹಿಂದೆ ಅರ್ಧ ಗಂಟೆ ಹೋದ್ರೆ ಬಿಳಿ ಕಾರು ಕೆಂಪಗಾಗುತ್ತೆ, ಕರ್ಚೀಫಲ್ಲಿ ಮೂಗು ಒರೆಸಿಕೊಂಡ್ರೆ ಅದೂ ಕೆಂಪು. ಇಂಥ ಕಡೆ ಎಣ್ಣೆ ಹಚ್ಚಿ ಅಂತ ಹೇಳೋದು ಬಾಣಲೇಲಿ ಒಗ್ಗರಣೆ ಹಾಕಿ ಅದರ ಮೇಲೆ ಮಣ್ಣು ಉದುರಿಸಿದಂಗೆ. ಇಲ್ಲಿ ತುಂಬಾ ಜಾಗಕ್ಕೆ ಬೇಕಾಗಿರೋದು ಡ್ರೈ ಸ್ಪ್ರೇ, ಅಂದ್ರೆ ಹೊಡೆದ ಮೇಲೆ ಆರಿ, ಜಿಡ್ಡಿಲ್ಲದೆ ಜಾರೋ ಹಂಗೆ ಮಾಡೋದು.

ಯಾಕೆ ಅಂತೀರಾ, ಎಣ್ಣೆಗೆ ಧೂಳು ಅಂಟುತ್ತೆ, ಅಷ್ಟೇ ವಿಷಯ. ನಮ್ಮ ಕಡೆ ಅದಿರು ಧೂಳು ಅಂದ್ರೆ ಹೆಮಟೈಟ್, ಅಂದ್ರೆ ಕಬ್ಬಿಣದ ಆಕ್ಸೈಡ್. ಒಡವೆಗೆ ಪಾಲಿಶ್ ಹಾಕೋಕೆ ಒಂದು ಕೆಂಪು ಪುಡಿ ಬಳಸ್ತಾರಲ್ಲ, ಅದೂ ಇದೇ ಕಬ್ಬಿಣದ ಆಕ್ಸೈಡೇ, ನುಣ್ಣಗೆ ಮಾಡಿರ್ತಾರೆ ಅಷ್ಟೇ. ಅದರ ಜೊತೆ ರೋಡಿನ ಮರಳು ಬೇರೆ, ಮರಳಲ್ಲಿರೋ ಕ್ವಾರ್ಟ್ಸ್ ಗಾಜಿಗಿಂತಾನೂ ಗಟ್ಟಿ. ಈ ಎರಡನ್ನೂ ಎಣ್ಣೇಲಿ ಕಲಸಿ ಕಿಟಕಿ ಚಾನೆಲ್, ಅಂದ್ರೆ ಗ್ಲಾಸ್ ಏರಿಳಿಯೋ ಸಂದಿ, ಅದರೊಳಗೆ ಇಟ್ಟು ದಿನಕ್ಕೆ ಐವತ್ತು ಸಲ ಗ್ಲಾಸ್ ಮೇಲೆ ಕೆಳಗೆ ಮಾಡಿದ್ರೆ ಅದು ಸಾಣೆ ಹಿಡಿದಂಗೆ, ಗ್ಲಾಸ್ ಸವೆಯುತ್ತೆ, ರಬ್ಬರ್ ಸವೆಯುತ್ತೆ, ಆಮೇಲೆ ಗ್ಲಾಸ್ ಏರಿಸೋ ಮೋಟರ್ ಹೋಗುತ್ತೆ.

ಇದನ್ನ ನಾನು ದುಡ್ಡು ಕೊಟ್ಟು ಕಲಿತಿದ್ದು. ಮುಂಚೆ ನನ್ನ ಹತ್ರ ಒಂದು ಡಿಜೈರ್ ಇತ್ತು, ಡ್ರೈವರ್ ಕಡೆ ಗ್ಲಾಸ್ ಏರೋವಾಗ ಕುಯ್ಯ್ ಅಂತಿತ್ತು, ಪ್ಯಾಸೆಂಜರ್ ಎದುರಿಗೆ ನಾಚಿಕೆ ಆಗೋದು. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಕೇಳಿದ್ರೆ ಅಲ್ಲಿದ್ದೋನು ಬಿಳಿ ಗ್ರೀಸ್ ಸ್ಪ್ರೇ ಒಂದು ಕೊಟ್ಟ, ಎಲ್ಲದಕ್ಕೂ ಇದೇ ಅಣ್ಣ, ಕಣ್ಮುಚ್ಚಿ ಹೊಡೀರಿ ಅಂದ. ಹೊಡೆದೆ. ಎರಡು ದಿನ ಬೆಣ್ಣೆ ತರ ಓಡಿತು, ನನಗೂ ಖುಷಿ, ಸ್ಟ್ಯಾಂಡಲ್ಲಿ ಇನ್ನಿಬ್ಬರಿಗೆ ಹೊಡೆದು ಕೊಟ್ಟೆ ಬೇರೆ. ಮೂರನೇ ವಾರಕ್ಕೆ ಗ್ಲಾಸ್ ಅರ್ಧಕ್ಕೆ ಬಂದು ನಿಲ್ಲೋಕೆ ಶುರು ಮಾಡ್ತು, ಕೈಯಲ್ಲಿ ಎಳೆದು ಏರಿಸಬೇಕು, ಗ್ಲಾಸ್ ಮೇಲೆ ಬಾಚಣಿಗೆಯಲ್ಲಿ ಗೀರಿದಂಗೆ ಉದ್ದುದ್ದ ಗೆರೆ. ಡೋರ್ ಪ್ಯಾಡ್ ಬಿಚ್ಚಿಸಿದ್ರೆ ಚಾನೆಲ್ ಒಳಗೆ ಕೆಂಪು ಸಗಣಿ ತರ ಗಟ್ಟಿಯಾಗಿ ಕೂತಿತ್ತು, ಮೋಟರ್ ಸುಟ್ಟು ಹೋಗಿತ್ತು. ಮೆಕ್ಯಾನಿಕ್ ನಕ್ಕು, ಇದಕ್ಕೆ ಗ್ರೀಸ್ ಯಾರು ಹೇಳಿದ್ದು ನಿಮಗೆ ಅಂದ. ನನ್ನ ಕೈಯಲ್ಲಿ ಹೊಡೆಸಿಕೊಂಡ ಆ ಇಬ್ಬರು ಡ್ರೈವರ್‌ಗಳು ಒಂದು ತಿಂಗಳು ನನ್ನ ಜೊತೆ ಟೀ ಕುಡೀಲಿಲ್ಲ.

ಹಂಗಂತ ಬಿಳಿ ಲಿಥಿಯಂ ಗ್ರೀಸ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಡೋರಿನ ಹಿಂಜು, ಬಾನೆಟ್ ಲಾಕು, ಇಂಥ ಭಾರ ಬೀಳೋ, ಕಬ್ಬಿಣಕ್ಕೆ ಕಬ್ಬಿಣ ಒತ್ತೋ ಜಾಗಕ್ಕೆ ಅದೇ ಸರಿ, ಅಲ್ಲಿ ಡ್ರೈ ಸ್ಪ್ರೇ ಹೊಡೆದ್ರೆ ಬೇಗ ಸವೆದು ಹೋಗುತ್ತೆ. ಕಿಟಕಿ ಚಾನೆಲ್, ಸೀಟಿನ ರೈಲು, ಓಮ್ನಿ ಇಕೋ ತರದ ಗಾಡಿಯ ಜಾರೋ ಬಾಗಿಲಿನ ರೈಲು, ಕೀ ಹಾಕೋ ಲಾಕು, ಡೋರ್ ಬೀಡಿಂಗು ಅಂದ್ರೆ ಬಾಗಿಲ ಸುತ್ತ ಇರೋ ರಬ್ಬರ್ ಪಟ್ಟಿ, ಇಂಥ ಭಾರ ಕಮ್ಮಿ ಇರೋ, ಧೂಳಿಗೆ ಬಾಯಿ ತೆರೆದು ಕೂತಿರೋ ಜಾಗಕ್ಕೆ ಡ್ರೈ ಬೇಕು. ನನ್ನ ಈಗಿನ ಗಾಡಿ ಇಕೋ. ಅದರ ಕೆಳಗಿನ ರೈಲಿಗೆ ಪ್ಯಾಸೆಂಜರ್ ಚಪ್ಪಲಿ ಮಣ್ಣೆಲ್ಲಾ ಬೀಳುತ್ತೆ, ಮೊದಲು ಒಣ ಬ್ರಷ್ ಹಾಕಿ ಉಜ್ಜಿ ಬಟ್ಟೇಲಿ ಒರೆಸಿ ಆಮೇಲೆ ಡ್ರೈ ಸ್ಪ್ರೇ ಹೊಡೀತೀನಿ, ರೋಲರಿನ ಪಿನ್ನಿಗೆ ಮಾತ್ರ ಕಡ್ಲೆಕಾಳಷ್ಟು ಗ್ರೀಸ್. ತಿಂಗಳಿಗೆ ಒಂದು ಸಲ ಹಿಂಗೆ ಮಾಡಿದ್ರೆ ಸಾಕು, ಸ್ಕೂಲ್ ಮಕ್ಕಳೂ ಒಂದೇ ಕೈಯಲ್ಲಿ ಎಳೀತಾರೆ.

ಈಗ ಡ್ರೈ ಅಂದ್ರೆ ಏನು ಅಂತ ಒಂಚೂರು ಹೇಳಬೇಕು, ಯಾಕಂದ್ರೆ ಸ್ಟ್ಯಾಂಡಲ್ಲಿ ಡ್ರೈ ಸ್ಪ್ರೇ ಅಂದ ತಕ್ಷಣ ಪೌಡರ್ ಬರುತ್ತಾ ಅಂತ ಕೇಳ್ತಾರೆ. ಬರೋದು ಒದ್ದೆನೇ. ಒಳಗೆ ಬೇಗ ಆರೋ ಒಂದು ದ್ರಾವಕ ಇರುತ್ತೆ, ಅದರಲ್ಲಿ ಜಾರೋ ವಸ್ತು ಸಣ್ಣ ಸಣ್ಣ ಕಣ ಆಗಿ ಕಲೆತಿರುತ್ತೆ, ಹೊಡೆದ ಮೇಲೆ ದ್ರಾವಕ ಆರಿ ಹೋಗುತ್ತೆ, ತೆಳ್ಳಗೆ ಒಂದು ಪದರ ಉಳಿಯುತ್ತೆ, ಮುಟ್ಟಿದ್ರೆ ಕೈಗೆ ಜಿಡ್ಡು ಆಗಲ್ಲ. ಆ ಕಣ ಡಬ್ಬದ ತಳದಲ್ಲಿ ಕೂತಿರುತ್ತೆ, ಅದಕ್ಕೇ ಚೆನ್ನಾಗಿ ಅಲ್ಲಾಡಿಸಿ ಹೊಡೀಬೇಕು, ಇಲ್ಲಾಂದ್ರೆ ಬರೀ ದ್ರಾವಕ ಹೊಡೆದು ಏನೂ ಆಗ್ಲಿಲ್ಲ ಅಂತ ಬೈಯ್ತೀರಿ. ಹೊಡೆದು ತಕ್ಷಣ ಗ್ಲಾಸ್ ಆಡಿಸಬೇಡಿ, ಒಂದು ಟೀ ಕುಡಿದು ಬನ್ನಿ, ಆರಲಿ.

ಯಾವ ವಸ್ತು ಅನ್ನೋದರಲ್ಲೇ ಆಯ್ಕೆ ಇರೋದು. ಪಿಟಿಎಫ್‌ಇ ಅಂತ ಬರೆದಿರುತ್ತೆ ನೋಡಿ, ಅದೇ ನಾನ್‌ಸ್ಟಿಕ್ ತವಾಗೆ ಹಾಕೋ ಟೆಫ್ಲಾನ್, 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನ್ನೋ ಕೆಮಿಸ್ಟ್ ಫ್ರಿಜ್ ಗ್ಯಾಸ್ ಮೇಲೆ ಕೆಲಸ ಮಾಡ್ತಿರೋವಾಗ ಸಿಲಿಂಡರ್ ಒಳಗೆ ಬಿಳಿ ಪುಡಿ ಆಗಿ ಅಕಸ್ಮಾತ್ ಸಿಕ್ಕಿದ್ದು. ರೈಲಿಗೆ, ಲಾಕಿಗೆ, ಚಾನೆಲ್ಲಿಗೆ ನನಗೆ ಇದೇ ಮೊದಲನೇದು. ಸಿಲಿಕೋನ್ ಸ್ಪ್ರೇ ಅಂತ ಇನ್ನೊಂದು ಬರುತ್ತೆ, ಅದು ರಬ್ಬರ್ ಭಾಗಕ್ಕೆ ಒಳ್ಳೇದು. ಡೋರ್ ಬೀಡಿಂಗಿಗೆ ತುಂಬಾ ಜನ ಹಳೇ ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ, ಕೊನೆಗೆ ಡೀಸೆಲ್ ಕೂಡ ಸವರ್ತಾರೆ. ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಅನ್ನೋ ರಬ್ಬರು, ಬಿಸಿಲು ಮಳೆ ತಡ್ಕೊಳ್ಳುತ್ತೆ, ಪೆಟ್ರೋಲಿಯಂ ಎಣ್ಣೆ ತಡ್ಕೊಳ್ಳಲ್ಲ, ಉಬ್ಬಿ ಮೆತ್ತಗಾಗಿ ಜೋಲು ಬೀಳುತ್ತೆ, ಆಮೇಲೆ ಮಳೆಗಾಲದಲ್ಲಿ ನೀರು ಒಳಗೆ ಬಂತು ಅಂತ ಅಳೋದು. ಸಿಲಿಕೋನನ್ನ ನೇರ ಹೊಡೀಬೇಡಿ, ಬಟ್ಟೆಗೆ ಹೊಡೆದು ಆ ಬಟ್ಟೇಲಿ ಒರೆಸಿ.

ಗ್ರಾಫೈಟ್ ಇದೆ, ಕಪ್ಪು ಪುಡಿ, ಕೀ ಲಾಕಿಗೆ ಹಳೇ ಕಾಲದಿಂದ ಬಳಸ್ತಾರೆ. ನಮ್ಮ ಅಪ್ಪ ಕೀ ಮೇಲೆ ಪೆನ್ಸಿಲ್ ಉಜ್ಜಿ ಲಾಕಿಗೆ ಹಾಕಿ ತಿರುಗಿಸೋರು, ನಾನು ಚಿಕ್ಕೋನಿದ್ದಾಗ ಅದು ಏನೋ ಮಂತ್ರ ಅಂದ್ಕೊಂಡಿದ್ದೆ, ಈಗ ಗೊತ್ತಾಯ್ತು ಪೆನ್ಸಿಲ್ ಕಡ್ಡೀಲಿ ಇರೋದು ಸೀಸ ಅಲ್ಲ, ಗ್ರಾಫೈಟ್ ಮತ್ತೆ ಜೇಡಿಮಣ್ಣು ಅಂತ. ಪ್ಯಾಂಟಿನ ಜಿಪ್ ಸಿಕ್ಕಿಹಾಕ್ಕೊಂಡ್ರೂ ಪೆನ್ಸಿಲ್ ನಡೆಯುತ್ತೆ, ಬಿಳಿ ಪ್ಯಾಂಟಾದ್ರೆ ಬೇಡ. ಆದ್ರೆ ಗ್ರಾಫೈಟಲ್ಲಿ ಕರೆಂಟ್ ಹರಿಯುತ್ತೆ, ಸೆಂಟ್ರಲ್ ಲಾಕಿನ ಸ್ವಿಚ್ಚು, ಇಗ್ನಿಷನ್ನು ಇರೋ ಕಡೆ ಅದರ ಪುಡಿ ತುಂಬಬೇಡಿ. ಮಾಲಿ ಅಂತಾರಲ್ಲ, ಮಾಲಿಬ್ಡಿನಂ ಡೈಸಲ್ಫೈಡ್, ಅದು ಭಾರ ಜಾಸ್ತಿ ಇರೋ ಕಡೆಗೆ, ಕೈಯೆಲ್ಲಾ ಕಪ್ಪಾಗುತ್ತೆ, ಸೀಟಿನ ಹತ್ರ ಹೊಡೆದ್ರೆ ಪ್ಯಾಸೆಂಜರ್ ಸೀರೆಗೆ ಅಂಟಿ ಬಾಡಿಗೆಗಿಂತ ಡ್ರೈಕ್ಲೀನಿಂಗ್ ಬಿಲ್ ಜಾಸ್ತಿ ಆಗುತ್ತೆ.

ಇನ್ನು ಡಬ್ಲ್ಯೂಡಿ-40 ಅನ್ನೋ ಸ್ಪ್ರೇ. ಇದರ ಬಗ್ಗೆ ಹೇಳಿದ್ರೆ ಸ್ಟ್ಯಾಂಡಲ್ಲಿ ಜಗಳ ಆಗುತ್ತೆ ಆದ್ರೂ ಹೇಳ್ತೀನಿ. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಾಕೆಟ್ ಕೆಮಿಕಲ್ ಅನ್ನೋ ಸಣ್ಣ ಕಂಪನಿ ಮಾಡಿದ್ದು, ನೀರನ್ನ ಓಡಿಸಿ ತುಕ್ಕು ತಡೆಯೋಕೆ, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಬಳಿಯೋಕೆ ಅಂತ. ಹೆಸರಲ್ಲೇ ಇದೆ, ವಾಟರ್ ಡಿಸ್‌ಪ್ಲೇಸ್‌ಮೆಂಟ್, ನಲವತ್ತನೇ ಪ್ರಯತ್ನ. ಹಿಡ್ಕೊಂಡ ನಟ್ಟು ಬಿಡಿಸೋಕೆ, ಗಮ್ ತೆಗೆಯೋಕೆ, ಒದ್ದೆ ಆಗಿರೋ ಕಡೆ ನೀರು ಓಡಿಸೋಕೆ ಅದಕ್ಕೆ ಸಾಟಿ ಇಲ್ಲ. ಆದ್ರೆ ಅದರಲ್ಲಿ ಜಾಸ್ತಿ ಇರೋದು ದ್ರಾವಕ, ಆರಿದ ಮೇಲೆ ತೆಳ್ಳಗೆ ಎಣ್ಣೆ ಉಳಿಯುತ್ತೆ, ಆ ಎಣ್ಣೆಗೆ ಧೂಳು ಹಿಡಿಯುತ್ತೆ, ಹಳೇ ಗ್ರೀಸ್ ಇದ್ರೆ ಅದನ್ನೂ ತೊಳೆದು ಹಾಕುತ್ತೆ. ಆ ಕಂಪನಿಯೋರೇ ಬೇರೆಯಾಗಿ ಡ್ರೈ ಡಬ್ಬ ಮಾಡ್ತಾರೆ, ಎಲ್ಲದಕ್ಕೂ ಒಂದೇ ಸಾಕಾಗಿದ್ರೆ ಅವರು ಯಾಕೆ ಇನ್ನೊಂದು ಮಾಡ್ತಿದ್ರು?

ತಗೊಳ್ಳೋವಾಗ ಮೋಸ ಹೋಗೋದು ಒಂದು ಕಡೆ ಇದೆ. ಡಬ್ಬದ ಮೇಲೆ ದೊಡ್ಡದಾಗಿ ವಿತ್ ಪಿಟಿಎಫ್‌ಇ ಅಂತ ಇರುತ್ತೆ, ನಾವು ಡ್ರೈ ಅಂದ್ಕೊಂಡು ತರ್ತೀವಿ, ಮನೇಲಿ ಹೊಡೆದು ನೋಡಿದ್ರೆ ಎಣ್ಣೆ. ಎಣ್ಣೆಗೆ ಒಂಚೂರು ಪಿಟಿಎಫ್‌ಇ ಸೇರಿಸಿರ್ತಾರೆ, ಅದು ಸುಳ್ಳಲ್ಲ, ಆದ್ರೆ ಡ್ರೈ ಅಲ್ಲ. ಡ್ರೈ ಅಥವಾ ಡ್ರೈ ಫಿಲ್ಮ್ ಅನ್ನೋ ಪದ ಇದೆಯಾ ನೋಡಬೇಕು. ನಾನು ಹೊಸ ಡಬ್ಬ ತಂದ್ರೆ ಗಾಡಿಗೆ ಹೊಡೆಯೋಕೆ ಮುಂಚೆ ಒಂದು ಸ್ಟೀಲ್ ತಟ್ಟೆಗೆ ಹೊಡೆದು ಹತ್ತು ಹದಿನೈದು ನಿಮಿಷ ಬಿಡ್ತೀನಿ, ಆಮೇಲೆ ಮ್ಯಾಟ್ ಮೇಲಿನ ಧೂಳು ಒಂದು ಚಿಟಿಕೆ ಹಾಕಿ ತಟ್ಟೆ ಓರೆ ಮಾಡಿ ಊದ್ತೀನಿ. ಧೂಳು ಹಾರಿ ಹೋದ್ರೆ ಡ್ರೈ, ಅಂಟ್ಕೊಂಡ್ರೆ ಎಣ್ಣೆ. ನಮ್ಮ ಮನೆಯವಳು ಆ ತಟ್ಟೆ ಮತ್ತೆ ಅಡುಗೆ ಮನೆಗೆ ತರಬಾರದು ಅಂತ ಹೇಳಿ ಬಹಳ ದಿನ ಆಯ್ತು, ಅದು ಈಗ ಡಿಕ್ಕೀಲೇ ಇದೆ.

ಹಚ್ಚಬಾರದ ಜಾಗ ಇದಕ್ಕಿಂತ ಮುಖ್ಯ. ಬ್ರೇಕ್ ಕೀರ್ ಅಂದ್ರೆ ಸ್ಪ್ರೇ ಹೊಡೀಬೇಡಿ, ಡ್ರೈ ಆಗಲಿ ಸಿಲಿಕೋನ್ ಆಗಲಿ ಯಾವುದೂ ಬೇಡ. ನಮ್ಮ ಸ್ಟ್ಯಾಂಡಿನ ಹುಡುಗ ಒಬ್ಬ ಡಿಸ್ಕಿನ ಸದ್ದು ನಿಲ್ಲಿಸೋಕೆ ಹೋಗಿ ಹೊಡೆದುಬಿಟ್ಟಿದ್ದ, ಸದ್ದು ನಿಂತಿತು, ಗಾಡಿ ನಿಲ್ಲಲಿಲ್ಲ, ಪುಣ್ಯಕ್ಕೆ ಸ್ಟ್ಯಾಂಡ್ ಒಳಗೇ ಇದ್ದ, ಕಾಂಪೌಂಡ್ ಗೋಡೆ ಮುಟ್ಟಿ ನಿಂತ. ಪ್ಯಾಡ್ ಎಲ್ಲಾ ಬದಲಾಯಿಸಬೇಕಾಯ್ತು. ಬ್ರೇಕ್ ಕ್ಯಾಲಿಪರ್ ಪಿನ್ನಿಗೆ ಅದಕ್ಕಂತಾನೇ ಬೇರೆ ಗ್ರೀಸ್ ಬರುತ್ತೆ, ಅದು ಮೆಕ್ಯಾನಿಕ್ ಕೆಲಸ. ಫ್ಯಾನ್ ಬೆಲ್ಟ್ ಸದ್ದು ಮಾಡಿದ್ರೂ ಸ್ಪ್ರೇ ಬೇಡ, ಬೆಲ್ಟಿಗೆ ಬೇಕಾಗಿರೋದು ಹಿಡಿತ, ಜಾರಿಕೆ ಅಲ್ಲ. ಪೆಡಲ್, ಸ್ಟೇರಿಂಗ್ ಮೇಲೆ ಸಿಲಿಕೋನ್ ಹೊಡೆದು ಪಳಪಳ ಮಾಡೋರನ್ನ ನೋಡಿದೀನಿ, ಮಳೇಲಿ ಒದ್ದೆ ಕಾಲು ಪೆಡಲ್ ಮೇಲೆ ಜಾರಿದ್ರೆ ಗೊತ್ತಾಗುತ್ತೆ. ಪೇಂಟ್ ಮಾಡಿಸೋ ಗಾಡಿಗೆ ಸಿಲಿಕೋನ್ ಹೊಡೆದಿದ್ರೆ ಟಿಂಕರಿಂಗ್‌ನೋನಿಗೆ ಮೊದಲೇ ಹೇಳಿಬಿಡಿ, ಅದು ಉಳಿದಿರೋ ಜಾಗದಲ್ಲಿ ಬಣ್ಣ ಕೂರಲ್ಲ, ಸಣ್ಣ ಸಣ್ಣ ಗುಳಿ ಬೀಳುತ್ತೆ, ಅವರು ಫಿಶ್ ಐ ಅಂತಾರೆ, ಆಮೇಲೆ ಅವನೂ ಬೈಯ್ತಾನೆ ನೀವೂ ಬೈಯ್ತೀರಿ.

ಇದೆಲ್ಲಾ ನಮ್ಮ ಬಯಲುಸೀಮೆ ಧೂಳಿನ ಮಾತು. ಮಂಗಳೂರು ಉಡುಪಿ ಕಡೆ ಉಪ್ಪುಗಾಳಿ, ಆಗುಂಬೆ ಕಡೆ ತಿಂಗಳುಗಟ್ಟಲೆ ಮಳೆ, ಅಲ್ಲಿ ಡ್ರೈ ಸ್ಪ್ರೇ ಒಂದನ್ನೇ ನಂಬಿ ಕೂತ್ರೆ ಹಿಂಜೆಲ್ಲಾ ತುಕ್ಕು ಹಿಡಿಯುತ್ತೆ. ತೆಳು ಪದರ ತುಕ್ಕು ತಡೆಯೋದು ಕಮ್ಮಿ, ಅಲ್ಲಿಯೋರಿಗೆ ಕಬ್ಬಿಣದ ಭಾಗಕ್ಕೆ ಗ್ರೀಸೇ ಬೇಕು, ಲಾಕು ಬೀಡಿಂಗಿಗೆ ಮಾತ್ರ ಡ್ರೈ. ಬೆಂಗಳೂರಲ್ಲಿ ಕೂತು ಇಡೀ ರಾಜ್ಯಕ್ಕೆ ಒಂದೇ ಸಾಲು ಬರೆದ್ರೆ ಹಿಂಗೇ ಆಗೋದು, ತಪ್ಪು ತಿಳ್ಕೋಬೇಡಿ.

ಕೊನೇದಾಗಿ, ಅಸಲಿಗೆ ನಾನು ಪತ್ರ ಬರೆಯೋಕೆ ಕೂತಿದ್ದು ಇದಕ್ಕೆ. ಈ ಡಬ್ಬಗಳ ಹಿಂದೆ ಇರೋ ಎಚ್ಚರಿಕೆ ಎಲ್ಲಾ ಇಂಗ್ಲಿಷಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ನನ್ನ ಮಗಳು ಡಿಗ್ರಿ ಓದ್ತಾಳೆ, ಅವಳ ಕೈಯಲ್ಲಿ ಓದಿಸಿದಾಗಲೇ ನನಗೆ ಗೊತ್ತಾಗಿದ್ದು, ಇದನ್ನ 50 ಡಿಗ್ರಿಗಿಂತ ಜಾಸ್ತಿ ಬಿಸಿಗೆ ಇಡಬಾರದು, ಒಳಗೆ ಒತ್ತಡದಲ್ಲಿ ಗ್ಯಾಸ್ ಇದೆ, ಬೆಂಕಿ ಹತ್ತುತ್ತೆ ಅಂತ. ಆ ಗ್ಯಾಸ್ ತುಂಬಾ ಡಬ್ಬಗಳಲ್ಲಿ ಪ್ರೊಪೇನ್ ಬ್ಯೂಟೇನ್, ಅಂದ್ರೆ ನಮ್ಮ ಅಡುಗೆ ಸಿಲಿಂಡರಲ್ಲಿ ಇರೋದೇ. ಬಳ್ಳಾರಿ ಹೊಸಪೇಟೆ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರೊಳಗೆ 60 ಡಿಗ್ರಿ ದಾಟುತ್ತೆ, ನಾವೆಲ್ಲಾ ಈ ಡಬ್ಬನ ಡ್ಯಾಶ್‌ಬೋರ್ಡ್ ಮೇಲೆ, ಡಿಕ್ಕೀಲಿ ಸ್ಟೆಪ್ನಿ ಪಕ್ಕ ಇಟ್ಕೊಂಡೇ ಓಡಾಡ್ತೀವಿ, ಕೆಲವರ ಗಾಡೀಲಿ ಅದರ ಹಿಂದೇನೇ ಸಿಎನ್‌ಜಿ ಸಿಲಿಂಡರ್. ಖಾಲಿ ಆದ ಡಬ್ಬನ ಕಸದ ರಾಶಿಗೆ ಎಸೀತೀವಿ, ಯಾರೋ ಆ ರಾಶಿಗೆ ಬೆಂಕಿ ಹಚ್ತಾರೆ, ಢಂ ಅನ್ನುತ್ತೆ. ಇನ್ನೊಂದು, ಪಿಟಿಎಫ್‌ಇ ಹೊಡೆದ ಕೈಯಲ್ಲಿ ಹಂಗೇ ಬೀಡಿ ಸಿಗರೇಟ್ ಹಿಡೀಬಾರದು. ಅದು ತಡೆಯೋದು ಸುಮಾರು 260 ಡಿಗ್ರಿವರೆಗೆ, ಬೀಡಿ ಕೆಂಡದ ಬಿಸಿ ಅದಕ್ಕಿಂತ ಎಷ್ಟೋ ಮೇಲೆ, ಕೈಯಿಂದ ಬೀಡಿಗೆ ಅಂಟಿದ್ದು ಸುಟ್ಟು ಆ ಹೊಗೆ ಒಳಗೆ ಹೋದ್ರೆ ಕೆಲವು ಗಂಟೆ ಆದ್ಮೇಲೆ ಚಳಿ ಜ್ವರ ಬರುತ್ತೆ, ಡಾಕ್ಟರ್ ಫ್ಲೂ ಅಂತ ಮಾತ್ರೆ ಕೊಟ್ಟು ಕಳಿಸ್ತಾರೆ. ಸೋಪಲ್ಲಿ ಕೈ ತೊಳೆದ್ರೆ ಮುಗೀತು, ಆದ್ರೆ ತೊಳೀಬೇಕು ಅಂತ ಕನ್ನಡದಲ್ಲಿ ಹೇಳೋರು ಯಾರು?

ಪ್ಯಾಕ್ ಮಾಡಿದ ವಸ್ತುಗಳ 2011ರ ಕೇಂದ್ರದ ನಿಯಮದಲ್ಲಿ ವಿವರ ಹಿಂದಿ ಅಥವಾ ಇಂಗ್ಲಿಷಲ್ಲಿ ಇದ್ರೆ ಸಾಕು. ನಮ್ಮ ಸರ್ಕಾರ 2025ರ ಫೆಬ್ರವರೀಲಿ ರಾಜ್ಯದಲ್ಲಿ ತಯಾರಾಗೋ ವಸ್ತುಗಳ ಮೇಲೆ ಹೆಸರು, ಬಳಸೋ ವಿಧಾನ ಕನ್ನಡದಲ್ಲೂ ಇರಬೇಕು ಅಂತ ಆದೇಶ ಮಾಡ್ತು, ಸಂತೋಷ. ಆದ್ರೆ ನಾನು ಇಲ್ಲೀತನಕ ತಗೊಂಡ ಡಬ್ಬ ಒಂದೂ ಕರ್ನಾಟಕದಲ್ಲಿ ಆಗಿದ್ದಲ್ಲ, ಎಲ್ಲಾ ಹೊರಗಿಂದ ಬಂದಿದ್ದು, ಆ ಆದೇಶ ಇವಕ್ಕೆ ಮುಟ್ಟೋದೇ ಇಲ್ಲ. ಬಿಸಿಲಿಗೆ ಇಡಬೇಡಿ, ಬ್ರೇಕಿಗೆ ಹೊಡೀಬೇಡಿ, ಕೈ ತೊಳೀರಿ, ಈ ಮೂರು ಮಾತಿನ ಒಂದು ಕನ್ನಡ ಸ್ಟಿಕರ್ ಅಂಟಿಸಿ ಮಾರಿ ಅಂತ ಡೀಲರ್‌ಗಳಿಗೆ ಹೇಳೋಕೆ ಎಷ್ಟು ಖರ್ಚು? ಲೈಸೆನ್ಸ್ ಮಾಡಿಸೋವಾಗ ನಮಗೆ ಸಿಗ್ನಲ್ ಬೋರ್ಡ್ ಎಲ್ಲಾ ಕೇಳ್ತಾರೆ, ಅಲ್ಲಿ ಗೋಡೆ ಮೇಲೆ ಇದನ್ನೂ ಒಂದು ಹಾಳೇಲಿ ಬರೆದು ಅಂಟಿಸಿದ್ರೂ ಸಾಕು.

ಮುಂದಿನ ಸಲ ಮೇಂಟೆನೆನ್ಸ್ ಬಗ್ಗೆ ಬರೆಯೋರು ಆ ಎಣ್ಣೆ ಹಚ್ಚೋ ಸಾಲು ಬಿಡಿ, ಇಲ್ಲಾ ಯಾವ ಜಾಗಕ್ಕೆ ಯಾವುದು ಅಂತ ನಾಲ್ಕು ಸಾಲು ಬರೀರಿ. ಬೇಕಾದ್ರೆ ಹೊಸಪೇಟೆಗೆ ಬನ್ನಿ, ಸಂಡೂರು ರೋಡಲ್ಲಿ ಒಂದು ರೌಂಡ್ ಕರ್ಕೊಂಡು ಹೋಗ್ತೀನಿ, ಕಿಟಕಿ ಇಳಿಸಿಕೊಂಡು.

ಇಂತಿ,
ನಿಮ್ಮ ಓದುಗ, ಟ್ಯಾಕ್ಸಿ ಡ್ರೈವರ್
ಹೊಸಪೇಟೆ